ನೂಲಿನ ಬಣ್ಣದ ನೀರಿಗೆ ನ್ಯಾನೊ ಹರಳಿನ ತಟ್ಟೆ: ಶಿರಸಿಯಲ್ಲಿ ಎರಡು ಮಳೆಗಾಲದ ಬಳಕೆ

ಶಿರಸಿಯ ಹೊರವಲಯದಲ್ಲಿ ನಾವು ನಡೆಸುವ ಸಣ್ಣ ನೂಲು ಬಣ್ಣದ ಘಟಕಕ್ಕೆ, ಬೆಂಗಳೂರಿನ ಒಂದು ಕಂಪನಿಯಿಂದ ತ್ಯಾಜ್ಯ ನೀರು ಶುದ್ಧೀಕರಿಸುವ ಸಾಧನವೊಂದನ್ನು ತರಿಸಿದೆವು. ಎರಡು ಮಳೆಗಾಲ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಇಳಿಜಾರಾಗಿ ನಿಲ್ಲಿಸಿದ ಸ್ಟೀಲ್ ಚೌಕಟ್ಟಿನಲ್ಲಿ ಹನ್ನೆರಡು ಗಾಜಿನ ತಟ್ಟೆಗಳಿವೆ; ಅವುಗಳ ಮೇಲೆ ಟೈಟಾನಿಯಂ ಡೈಆಕ್ಸೈಡ್‌ನ ನ್ಯಾನೊ ಹರಳುಗಳ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳ, ತೆಳುವಾದ ಲೇಪವಿದೆ. ಬೆಳಕು ಬಿದ್ದಾಗ ಈ ಲೇಪವೇ ನೀರಿನಲ್ಲಿನ ಬಣ್ಣವನ್ನು ಒಡೆಯುತ್ತದೆ. ಕೆಳಗೆ ಇನ್ನೂರು ಲೀಟರಿನ ತೊಟ್ಟಿ, ನೀರನ್ನು ಮತ್ತೆ ಮತ್ತೆ ಮೇಲಕ್ಕೆತ್ತುವ ಪುಟ್ಟ ಪಂಪು, ಬಿಸಿಲಿಲ್ಲದ ದಿನಗಳಿಗೆಂದು ನೇರಳಾತೀತ ದೀಪಗಳು. ಇಷ್ಟೇ ಸಾಧನ.

ಹತ್ತಿಗೆ ಹಾಕುವ ರಿಯಾಕ್ಟಿವ್ ಬಣ್ಣ ಪೂರ್ತಿಯಾಗಿ ನೂಲಿಗೆ ಹಿಡಿಯುವುದಿಲ್ಲ; ಬಣ್ಣದ ಜಾತಿಯನ್ನು ನೋಡಿಕೊಂಡು ಶೇಕಡಾ 10ರಿಂದ 40ರವರೆಗೂ ತೊಳೆದ ನೀರಿನಲ್ಲೇ ಹೋಗುತ್ತದೆ. ಅದರ ಜೊತೆಗೆ ಅಡಿಕೆ ಬೇಯಿಸಿದ ಚೊಗರಿಗೆ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಕೂಡಿಸಿ ಕಪ್ಪು ಮಾಡುವಾಗಿನ ಕರಿನೀರು ಬೇರೆ. ನಮ್ಮ ಹಿತ್ತಲಿನ ಹಳ್ಳ ಅಘನಾಶಿನಿಯನ್ನು ಸೇರುತ್ತದೆ. ಕೆಳಗೆ ಕುಮಟಾ ತಾಲೂಕಿನ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಕೆಸರಿನಿಂದ ಬಳಚು ಎಂಬ ಚಿಪ್ಪುಜೀವಿ ಹೆಕ್ಕಿ ಜೀವನ ಮಾಡುವವರಿದ್ದಾರೆ, ಮತ್ತು ಆ ಅಳಿವೆಯನ್ನು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿಸಲಾಗಿದೆ. ನಮ್ಮ ಬಾನಿಯ ನೀರು ಅಲ್ಲಿಗೆ ಹೋಗಬಾರದೆಂಬುದೇ ಈ ಖರ್ಚಿಗೆ ಕಾರಣ.

ಇದಕ್ಕೆ ಮೊದಲು ನಾವೊಂದು ತಪ್ಪು ಮಾಡಿದ್ದೆವು. ಅದೇ ಟೈಟಾನಿಯಂ ಡೈಆಕ್ಸೈಡ್‌ನ ನ್ಯಾನೊ ಪುಡಿಯನ್ನು ತರಿಸಿ ನೇರವಾಗಿ ತೊಟ್ಟಿಗೆ ಸುರಿದೆವು. ಬಣ್ಣವೇನೋ ಬೇಗ ಇಳಿಯಿತು. ಆದರೆ ನೀರು ಹಾಲಿನಂತೆ ಬೆಳ್ಳಗಾಗಿ ಎರಡು ದಿನ ಕಳೆದರೂ ತಿಳಿಯಾಗಲಿಲ್ಲ, ನಾಲ್ಕು ಮಡಿಕೆಯ ಪಂಚೆಯಲ್ಲಿ ಸೋಸಿದರೂ ಹಾಗೆಯೇ ಇಳಿದು ಬಂತು. ಇಪ್ಪತ್ತು ಮೂವತ್ತು ನ್ಯಾನೊಮೀಟರಿನ (ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ಕಣವನ್ನು ಬಟ್ಟೆ ತಡೆಯಲಾರದು. ಪುಡಿ ಅಳೆಯುವಾಗ ಸಣ್ಣ ಕಣ ತಡೆಯುವ ಮಾಸ್ಕ್ ಹಾಕಿಕೊಳ್ಳದೆ ಇದ್ದದ್ದೂ ನಮ್ಮ ಅಜ್ಞಾನವೇ; ಉಸಿರಿನಲ್ಲಿ ಹೋಗುವ ಈ ಪುಡಿಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದ ವಸ್ತುಗಳ 2ಬಿ ಗುಂಪಿನಲ್ಲಿ ಇರಿಸಿದೆ. ಹೀಗಾಗಿ ಹರಳು ತಟ್ಟೆಗೆ ಕಚ್ಚಿಕೊಂಡೇ ಇರುವ ಸಾಧನ ಬೇಕೆಂದು ಹುಡುಕಿದೆವು.

ಮನೆಯಲ್ಲಿ ಜೋನಿಬೆಲ್ಲದ (ನೀರು ಬೆಲ್ಲದ) ಡಬ್ಬಿ ಇಟ್ಟವರಿಗೆ ಹರಳು ಕಟ್ಟುವ ಬಗೆ ಹೊಸದಲ್ಲ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ತಳದಲ್ಲಿ ಸಣ್ಣ ಹರಳುಗಳು ಮೂಡುತ್ತವೆ. ಮುಟ್ಟದೆ ಬಿಟ್ಟಷ್ಟೂ ಸಣ್ಣವು ಕರಗಿ ದೊಡ್ಡವು ಇನ್ನಷ್ಟು ದಪ್ಪವಾಗುತ್ತವೆ. ರಸಾಯನಶಾಸ್ತ್ರದಲ್ಲಿ ಇದಕ್ಕೆ ಓಸ್ಟ್‌ವಾಲ್ಡ್ ಎಂಬ ವಿಜ್ಞಾನಿಯ ಹೆಸರಿದೆ. ನ್ಯಾನೊ ಹರಳು ಬೆಳೆಸುವವರ ಕಷ್ಟವೆಲ್ಲ ಇಲ್ಲಿಯೇ ಇದೆ: ಹರಳಿನ ಬೀಜಗಳು ಒಮ್ಮೆಗೇ ಲೆಕ್ಕವಿಲ್ಲದಷ್ಟು ಹುಟ್ಟಬೇಕು, ದಪ್ಪವಾಗುವ ಮೊದಲೇ ಬೆಳವಣಿಗೆ ನಿಲ್ಲಬೇಕು. ಮುಚ್ಚಿದ ಉಕ್ಕಿನ ಪಾತ್ರೆಯಲ್ಲಿ ನೀರನ್ನು 100 ಡಿಗ್ರಿಗೂ ಮೇಲೆ ಕಾಯಿಸಿ, ಆ ಒತ್ತಡದಲ್ಲಿ ಹರಳು ಬೆಳೆಸುವ ಹೈಡ್ರೋಥರ್ಮಲ್ ವಿಧಾನ ಒಂದಿದ್ದು, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರೊ. ಕೆ. ಬೈರಪ್ಪನವರು ಅದರ ಮೇಲೆ ಬಹುಕಾಲ ಕೆಲಸ ಮಾಡಿದವರು. ನಮ್ಮ ತಟ್ಟೆಗಳಿಗೆ ಬಳಸಿದ್ದು ಬೇರೆ ದಾರಿ: ಗಾಜನ್ನು ಟೈಟಾನಿಯಂ ದ್ರಾವಣದಲ್ಲಿ ಅದ್ದಿ ಎತ್ತಿ, ಒಣಗಿಸಿ, 450 ಡಿಗ್ರಿಯ ಸುಮಾರಿಗೆ ಸುಡುತ್ತಾರೆ. ಆ ಹದದಲ್ಲಿ ಅನಟೇಸ್ ಎಂಬ ರೂಪದ ಹರಳು ಕೂರುತ್ತದೆ. ಶಾಖ ಅತಿಯಾದರೆ ಹರಳು ದಪ್ಪವಾಗಿ ರೂಟೈಲ್ ಎಂಬ ಇನ್ನೊಂದು ರೂಪಕ್ಕೆ ತಿರುಗಿ, ಸಾಮಾನ್ಯವಾಗಿ ಕೆಲಸದ ಚುರುಕು ತಗ್ಗುತ್ತದೆ.

ಸಣ್ಣದಾಗಿಯೇ ಇರಬೇಕೆಂಬ ಹಟ ಏಕೆಂದರೆ, ಕೆಲಸವೆಲ್ಲ ನಡೆಯುವುದು ಹರಳಿನ ಮೈಮೇಲೆ. ಒಂದು ಸೆಂಟಿಮೀಟರಿನ ಘನಕ್ಕೆ ಆರು ಚದರ ಸೆಂಟಿಮೀಟರ್ ಮೈ. ಅದನ್ನೇ ಹತ್ತು ನ್ಯಾನೊಮೀಟರಿನ ಘನಗಳಾಗಿ ಕತ್ತರಿಸಿದರೆ ಒಟ್ಟು ಮೈ 600 ಚದರ ಮೀಟರ್, ಅಂದರೆ ಸುಮಾರು ಆರು ಗುಂಟೆ ತೋಟದಷ್ಟು. ಆ ಮೈಮೇಲೆ 388 ನ್ಯಾನೊಮೀಟರಿಗಿಂತ ಕಡಿಮೆ ಅಲೆಯುದ್ದದ ನೇರಳಾತೀತ ಬೆಳಕು ಬಿದ್ದಾಗ, ನೀರಿನಿಂದಲೇ ಹೈಡ್ರಾಕ್ಸಿಲ್ ಎಂಬ ಅತಿ ಚುರುಕಾದ ಕಣ ಹುಟ್ಟಿ ಬಣ್ಣದ ಅಣುವನ್ನು ಹರಿದು ಹಾಕುತ್ತದೆ. ಟೈಟಾನಿಯಂ ಡೈಆಕ್ಸೈಡ್ ಬೆಳಕಿನಲ್ಲಿ ನೀರನ್ನೇ ಒಡೆಯಬಲ್ಲದೆಂದು ಜಪಾನಿನ ಫುಜಿಶಿಮಾ ಮತ್ತು ಹೊಂಡಾ 1972ರಲ್ಲಿ ಪ್ರಕಟಿಸಿದ ಮೇಲೆ ಈ ವಿದ್ಯೆ ಬೆಳೆದು ಬಂದಿದೆ.

ಈಗ ನಮ್ಮ ಅನುಭವಕ್ಕೆ ಬರುತ್ತೇನೆ. ಫೆಬ್ರುವರಿಯ ಬಿಸಿಲಿನಲ್ಲಿ, ಎರಡನೇ ತೊಳೆತದ ತಿಳಿಗೆಂಪು ನೀರು ಬೆಳಿಗ್ಗೆ ಹತ್ತಕ್ಕೆ ಹಾಕಿದರೆ ಮಧ್ಯಾಹ್ನ ಮೂರರ ಹೊತ್ತಿಗೆ ಗಾಜಿನ ಲೋಟದಲ್ಲಿ ಬಾವಿ ನೀರಿನಿಂದ ಬೇರೆಯಾಗಿ ಕಾಣುವುದಿಲ್ಲ. ಇದು ನಿಜಕ್ಕೂ ಸಂತೋಷದ ನೋಟ. ಆದರೆ ಬಣ್ಣ ಹೋಯಿತೆಂದರೆ ನೀರು ಶುದ್ಧವಾಯಿತೆಂದಲ್ಲ. ಬಣ್ಣ ಕೊಡುವ ಕೊಂಡಿ ಮೊದಲು ಮುರಿಯುತ್ತದೆ, ಉಳಿದ ತುಂಡುಗಳು ಪೂರ್ತಿ ಉರಿಯಲು ಇನ್ನೂ ಸಮಯ ಬೇಕು. ಬಣ್ಣ ಮಾಯವಾದ ಕೂಡಲೇ ತೆಗೆದ ಮಾದರಿಯಲ್ಲಿ ಸಿಒಡಿ (ನೀರಿನಲ್ಲಿರುವ ಕಲ್ಮಶವನ್ನು ರಾಸಾಯನಿಕವಾಗಿ ಒಡೆಯಲು ಬೇಕಾಗುವ ಆಮ್ಲಜನಕದ ಅಳತೆ), ಹಳ್ಳಕ್ಕೆ ಬಿಡಲು ನಿಗದಿಯಾದ ಲೀಟರಿಗೆ 250 ಮಿಲಿಗ್ರಾಂ ಮಿತಿಗಿಂತ ಮೇಲೆಯೇ ಇತ್ತು. ಮತ್ತೆರಡು ತಾಸು ಓಡಿಸಿದ ಮೇಲೆ ಮಿತಿಯೊಳಗೆ ಬಂತು. ಕಂಪನಿಯವರು ಇದನ್ನು ಮೊದಲೇ ಹೇಳಬೇಕಿತ್ತು.

ಮೊದಲ ತೊಳೆತದ ಗಾಢ ನೀರನ್ನಾಗಲಿ ಚೊಗರಿನ ನೀರನ್ನಾಗಲಿ ಇದಕ್ಕೆ ನೇರವಾಗಿ ಹಾಕಿ ಪ್ರಯೋಜನವಿಲ್ಲ. ಕಪ್ಪು ನೀರು ಬೆಳಕನ್ನು ತಾನೇ ನುಂಗುತ್ತದೆ, ತಟ್ಟೆಯವರೆಗೆ ಏನೂ ತಲುಪುವುದಿಲ್ಲ. ನಾವು ಅದಕ್ಕೆ ಸುಣ್ಣ ಮತ್ತು ಪಟಿಕ ಹಾಕಿ, ಒಂದು ರಾತ್ರಿ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ತಟ್ಟೆಗೆ ಬಿಡುತ್ತೇವೆ. ಬಣ್ಣ ಹಿಡಿಸಲು ಹಾಕಿದ ವಾಷಿಂಗ್ ಸೋಡಾ ಇನ್ನೊಂದು ಅಡ್ಡಿ. ಅದರ ಕಾರ್ಬೊನೇಟು ಹೈಡ್ರಾಕ್ಸಿಲನ್ನು ಬಣ್ಣಕ್ಕಿಂತ ಮೊದಲೇ ಕಬಳಿಸುತ್ತದೆ. ಸ್ವಲ್ಪ ಸ್ವಲ್ಪವಾಗಿ ಆಮ್ಲ ಬೆರೆಸಿ ಪಿಎಚ್ (ಹುಳಿ, ಕ್ಷಾರದ ಅಳತೆ) 6ರ ಹತ್ತಿರಕ್ಕೆ ತಂದಾಗ, ನೀರು ಬುರುಬುರು ನೊರೆಯೆದ್ದು ಆಮೇಲೆ ಶಾಂತವಾಗುತ್ತದೆ. ಆ ನಂತರ ತಟ್ಟೆ ಚೆನ್ನಾಗಿ ಕೆಲಸ ಮಾಡುತ್ತದೆ. ಬಣ್ಣ ಹಾಕುವಾಗ ಸೇರಿಸಿದ ಉಪ್ಪು ಮಾತ್ರ ಎಷ್ಟು ಓಡಿಸಿದರೂ ಹಾಗೆಯೇ ಉಳಿಯುತ್ತದೆ.

ಮಳೆಗಾಲವೇ ಇದರ ದೊಡ್ಡ ಕೊರತೆ. ಬಿಸಿಲಿನಲ್ಲೇ ನೇರಳಾತೀತದ ಪಾಲು ನೂರಕ್ಕೆ ಐದರಷ್ಟು. ಆಷಾಢದ ಶಿರಸಿಯಲ್ಲಿ ಅದನ್ನು ನಂಬಿ ಕೂರುವಂತಿಲ್ಲ. ದೀಪಗಳು ಕೆಲಸ ಮಾಡುತ್ತವೆ, ಆದರೆ ಕರೆಂಟು ಹೋದಾಗ ಪಂಪೂ ನಿಂತು ತಟ್ಟೆಗಳ ಮೇಲೆ ಹಸಿರು ಪಾಚಿ ಹತ್ತುತ್ತದೆ. ಎರಡನೇ ಮಳೆಗಾಲದಲ್ಲಿ ಎರಡು ತಟ್ಟೆಗಳ ಲೇಪ ಅಂಚಿನಿಂದ ಏಳಲು ಶುರುವಾಯಿತು. ಬೆರಳಾಡಿಸಿದರೆ ಬಿಳಿ ಹತ್ತುತ್ತಿತ್ತು. ಕಂಪನಿಯವರು ಹಣ ಕೇಳದೆ ಬದಲಿಸಿಕೊಟ್ಟರು, ಅದಕ್ಕೆ ಕೃತಜ್ಞತೆಯಿದೆ. ಆದರೆ ಆರು ವಾರ ಕಾಯಿಸಿದ್ದು ಸರಿಯಲ್ಲ. ಕೈಪಿಡಿ ಕನ್ನಡದಲ್ಲಿ ಇಲ್ಲದ ಕಾರಣ ತಟ್ಟೆ ತೊಳೆಯುವ ಕ್ರಮವನ್ನು ನಮ್ಮ ಹೆಂಗಸರಿಗೆ ನಾನೇ ಬರೆದುಕೊಡಬೇಕಾಯಿತು.

ದಿನಕ್ಕೆ ಐದಾರು ಕೊಡದಷ್ಟು ತಿಳಿಬಣ್ಣದ ನೀರಿರುವ ಸಣ್ಣ ಘಟಕದವರು ಇದನ್ನು ಧೈರ್ಯವಾಗಿ ತೆಗೆದುಕೊಳ್ಳಬಹುದು, ಸುಣ್ಣ ಪಟಿಕದ ತೊಟ್ಟಿಯನ್ನು ಮಾತ್ರ ಬಿಡಬಾರದು. ದೊಡ್ಡ ಘಟಕಕ್ಕೆ ಇದು ಸಾಲದು. ತಟ್ಟೆಗಳು ಬಂದ ದಿನ ಒದ್ದೆ ಮಾಡಿದ ಕಪ್ಪು ಬಟ್ಟೆಯಿಂದ ಪ್ರತಿಯೊಂದರ ಅಂಚನ್ನೂ ಉಜ್ಜಿ ನೋಡಿ. ಬಿಳಿ ಹತ್ತಿದ ತಟ್ಟೆಯನ್ನು ಹಿಂದಕ್ಕೆ ಕಳಿಸಿ, ಒಳ್ಳೆಯದು ಬಂದ ಮೇಲೆಯೇ ಬಾಕಿ ಹಣ ಕೊಡಿ.