‘ತೆಂಡಿಗೊಂದು ತಿಂಡಿ’ ಕೂಪನ್: ಪೊರೋಟ ಚೆನ್ನಾಗಿದೆ, ಹೆಸರು ಬದಲಾಯಿಸಿ

ಕಾಸರಗೋಡು ಹಳೆ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಹೋಟೆಲಿನಲ್ಲಿ ಈಗ 50 ರೂಪಾಯಿಯ ಕೂಪನ್ ಸಿಗುತ್ತದೆ. ನಾವು ದುಡ್ಡು ಕೊಟ್ಟು ತೆಗೆದುಕೊಂಡು ಬೀದಿಯಲ್ಲಿ ಮಲಗುವವರಿಗೆ ಕೊಡಬೇಕು. ಅವರು ಅದನ್ನು ಕೌಂಟರಿನಲ್ಲಿ ತೋರಿಸಿದರೆ ಎರಡು ಪೊರೋಟ, ಕಡಲೆ ಕರಿ, ಒಂದು ಚಾಯ. ನಾನೂ ತಿಂದು ನೋಡಿದೆ. ಪೊರೋಟ ಬಿಸಿ ಇತ್ತು, ಕರಿ ನೀರಾಗಿರಲಿಲ್ಲ, ದುಡ್ಡು ಕೊಟ್ಟು ತಿನ್ನುವವರಿಗೆ ಕೊಡುವುದನ್ನೇ ಅವರಿಗೂ ಕೊಡುತ್ತಾರೆ. ಇದಕ್ಕೆ ಪೂರ್ತಿ ಮಾರ್ಕು.

ಆದರೆ ಕೂಪನ್ ಮೇಲೆ ದಪ್ಪ ಅಕ್ಷರದಲ್ಲಿ, ಮಲಯಾಳದಲ್ಲೂ ಕನ್ನಡದಲ್ಲೂ, ‘ತೆಂಡಿಗೊಂದು ತಿಂಡಿ’ ಅಂತ ಬರೆದಿದ್ದಾರೆ. ಗಡಿಯಾಚೆಯ ಕನ್ನಡಿಗರಿಗೆ ಇದು ಬರೀ ಪ್ರಾಸ ಅನ್ನಿಸಬಹುದು. ನಮಗೆ ಹಾಗಲ್ಲ. ಮಲಯಾಳದಲ್ಲಿ ತೆಂಡಿ ಅಂದರೆ ಭಿಕ್ಷೆ ಬೇಡಿ ಅಲೆಯುವವನು, ಜಗಳದಲ್ಲಿ ಬಾಯಿಗೆ ಬರುವ ಬೈಗುಳವೂ ಅದೇ. ಇಲ್ಲಿ ನಾಲ್ಕು ದಿನ ಇದ್ದವರಿಗೂ ಅದು ಗೊತ್ತಾಗುತ್ತದೆ.

ರೈಲ್ವೆ ಸ್ಟೇಷನ್ ಹೊರಗೆ ಮಲಗುವ ಒಬ್ಬ ಅಜ್ಜನಿಗೆ ಕೂಪನ್ ಕೊಟ್ಟು ಜೊತೆಗೇ ಕರೆದುಕೊಂಡು ಹೋದೆ. ಗದಗ ಕಡೆಯವರು, ಕೆಲಸಕ್ಕೆ ಅಂತ ಬಂದವರು. ಕೌಂಟರಿನ ಹುಡುಗ ಕೂಪನ್ ನೋಡಿ ಒಳಗೆ ಕೂಗಿದ, “ತೆಂಡಿ ಒಂದು!” ಅವನಿಗೆ ಅದು ದಿನಾ ಕೂಗುವ ಆರ್ಡರ್ ಅಷ್ಟೇ. ಆದರೆ ಅಕ್ಕಪಕ್ಕದ ಟೇಬಲಿನವರೆಲ್ಲ ತಿರುಗಿ ನೋಡಿದರು. ಎಳೆದುಕೊಂಡ ಕುರ್ಚಿಯನ್ನು ಅಜ್ಜ ಮೆಲ್ಲನೆ ಒಳಗೆ ತಳ್ಳಿದರು. “ಪಾರ್ಸಲ್ ಕಟ್ಟಸ್ರೀ, ಹೊರಗ ತಿಂತೀನಿ” ಅಂದರು.

ಮಾಲೀಕರ ಹತ್ತಿರ ಮಾತಾಡಿದೆ. ಒಳ್ಳೆಯವರು, ನಿಂತು ಕೇಳಿದರು. “ಹೆಸರು ಚುಚ್ಚಿದರೆ ತಾನೇ ಜನ ನೋಡುವುದು, ಸುಮ್ನೆ ‘ಅನ್ನದಾನ’ ಅಂತ ಬರೆದರೆ ಯಾರು ತೆಗೆದುಕೊಳ್ಳುತ್ತಾರೆ?” ಅಂದರು. ನೋಡುತ್ತಾರೆ, ಒಪ್ಪುತ್ತೇನೆ. ಆದರೆ ಚುಚ್ಚುವುದು ಯಾರಿಗೆ? 50 ರೂಪಾಯಿ ಕೊಡುವ ನನಗಲ್ಲ, ಆ ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲುವವರಿಗೆ. 2012ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಒಂದು ಜಾಹೀರಾತು ಕಂಪನಿ ಮನೆಯಿಲ್ಲದವರ ಕೈಗೆ ವೈಫೈ ಸಾಧನ ಕೊಟ್ಟು, ‘ನಾನು 4ಜಿ ಹಾಟ್‌ಸ್ಪಾಟ್’ ಅಂತ ಬರೆದ ಟೀ ಶರ್ಟ್ ತೊಡಿಸಿ ನಿಲ್ಲಿಸಿತ್ತು. ಅವರಿಂದ ಇಂಟರ್ನೆಟ್ ಪಡೆದವರು ಕೊಡುವ ದುಡ್ಡು ಅವರಿಗೇ ಅಂತ ಇತ್ತು, ಆದರೂ ಜನ ಸಿಟ್ಟಾದರು. ನನ್ನ ಹತ್ತಿರ ಹಾಟ್‌ಸ್ಪಾಟ್ ಇದೆ ಅಂತ ಅಲ್ಲ, ನಾನೇ ಹಾಟ್‌ಸ್ಪಾಟ್ ಅಂತ ಮನುಷ್ಯನ ಎದೆ ಮೇಲೆ ಬರೆಯುವುದಾ?

ಅಷ್ಟು ದೂರ ಯಾಕೆ, ನಮ್ಮ ಕೇರಳದ ಕೋಝಿಕ್ಕೋಡಿನಲ್ಲೇ 2015ರಲ್ಲಿ ಜಿಲ್ಲಾಡಳಿತ ಮತ್ತು ಹೋಟೆಲಿನವರು ಸೇರಿ ಇಂಥದ್ದೇ ಕೂಪನ್ ಶುರು ಮಾಡಿದರು. ಹೆಸರು ‘ಆಪರೇಷನ್ ಸುಲೈಮಾನಿ’. ಸುಲೈಮಾನಿ ಅಂದರೆ ಹಾಲು ಹಾಕದ, ನಿಂಬೆ ಹಿಂಡಿದ ಮಲಬಾರಿನ ಚಹಾ. ಬಡವರೂ ಕುಡಿಯುತ್ತಾರೆ, ಬಿರಿಯಾನಿ ತಿಂದ ಸಾಹುಕಾರರೂ ಕುಡಿಯುತ್ತಾರೆ. ಆ ಹೆಸರು ಕೂಗಿದರೆ ಯಾರೂ ತಲೆ ತಗ್ಗಿಸಬೇಕಾಗಿಲ್ಲ, ಅಲ್ವಾ? ಹೆಸರಿಡುವುದೂ ಊಟ ಹಾಕಿದಷ್ಟೇ ದೊಡ್ಡ ಕೆಲಸ ಅಂತ ನನಗೆ ಅದನ್ನು ನೋಡಿಯೇ ಅನ್ನಿಸಿದ್ದು.

ನಾನು ಕೇಳುವುದು ಜಾಸ್ತಿ ಏನಲ್ಲ. ಎಲ್ಲರಿಗೂ ಕೊಡುವ ಮಾಮೂಲು ಟೋಕನ್ನೇ ಅವರಿಗೂ ಕೊಡಲಿ. ಚುಚ್ಚುವ ಬೋರ್ಡು ಬೇಕಿದ್ದರೆ ನಾವು ದುಡ್ಡು ಕೊಡುವ ಜಾಗದಲ್ಲಿ ಹಾಕಲಿ, ನಮಗೆ ಹೇಳುವ ಮಾತು ಬರೆಯಲಿ.

ಈಗಲೂ ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಪಾರ್ಸಲ್ ಕಟ್ಟಿಸಿ ಅಜ್ಜನಿಗೆ ಕೊಡುತ್ತೇನೆ, ಕೂಪನ್ ಮಾತ್ರ ಮುಟ್ಟುವುದಿಲ್ಲ. ಹೆಸರು ಬದಲಾದ ದಿನ ಹತ್ತು ಒಟ್ಟಿಗೆ ತೆಗೆದುಕೊಳ್ಳುತ್ತೇನೆ ಅಂತ ಕೌಂಟರಿನಲ್ಲಿ ಹೇಳಿ ಬಂದಿದ್ದೇನೆ.