ಗರ್ಭಪಾತದ ಹಕ್ಕು: ಸೆನೆಟ್ ಮತವೋ, ರಾಜ್ಯ ನ್ಯಾಯಾಧೀಶರ ಚುನಾವಣೆಯೋ, ಜನಮತವೋ?

ಅಮೆರಿಕದಲ್ಲಿ ಮತವಿರುವ ಕನ್ನಡಿಗರು ಈ ಹಕ್ಕು ಉಳಿಸಲು ಶ್ರಮ ಎಲ್ಲಿ ಹಾಕಬೇಕು?

ಸೆನೆಟ್ ಚುನಾವಣೆಯ ಫಲ ದೊಡ್ಡದು, ಆದರೆ ನಿಧಾನ. 2017ರಿಂದ ಸುಪ್ರೀಂ ಕೋರ್ಟ್ ನೇಮಕಕ್ಕೆ ಸೆನೆಟ್‌ನಲ್ಲಿ ಸರಳ ಬಹುಮತ ಸಾಕು. ನ್ಯಾಯಮೂರ್ತಿಗಳಾದ ಗೊರ್ಸುಚ್, ಕ್ಯಾವನಾ, ಬ್ಯಾರೆಟ್ ಹೀಗೇ ಬಂದರು. ದೇಶದಾದ್ಯಂತ ಗರ್ಭಪಾತದ ಹಕ್ಕು ಕೊಟ್ಟಿದ್ದ 1973ರ ‘ರೋ’ ತೀರ್ಪನ್ನು 2022ರ ಜೂನ್ 24ರಂದು ಅದೇ ಕೋರ್ಟ್‌ನ ಡಾಬ್ಸ್ ತೀರ್ಪು ರದ್ದುಮಾಡಿ, ನಿರ್ಧಾರವನ್ನು ರಾಜ್ಯಗಳಿಗೆ ಬಿಟ್ಟಿತು. ಹುದ್ದೆ ಆಜೀವ. ತೆರವಾಗದಿದ್ದರೆ ನಿಮ್ಮವರು ಗೆದ್ದರೂ ಪೀಠ ಬದಲಾಗದು.

ರಾಜ್ಯ ನ್ಯಾಯಾಲಯದ ಲೆಕ್ಕವೇ ಬೇರೆ. ವಿಸ್ಕಾನ್ಸಿನ್ ರಾಜ್ಯದ ಸುಪ್ರೀಂ ಕೋರ್ಟ್‌ನಲ್ಲಿ ಜನರೇ ಆರಿಸುವ 7 ನ್ಯಾಯಮೂರ್ತಿಗಳು, 10 ವರ್ಷಗಳ ಅವಧಿ. 2023ರ ಏಪ್ರಿಲ್‌ನಲ್ಲಿ ಉದಾರವಾದಿ ಅಭ್ಯರ್ಥಿ ಪ್ರೊಟಸೇವಿಚ್ ಗೆದ್ದಾಗ ಬಹುಮತ ಉದಾರವಾದಿಗಳ ಕಡೆ ತಿರುಗಿತು. 2025ರ ಜುಲೈಯಲ್ಲಿ ಅದೇ ಪೀಠ 4–3ರಿಂದ ಗರ್ಭಪಾತ ನಿಷೇಧದ 1849ರ ಕಾನೂನನ್ನು ಜಾರಿಮಾಡುವಂತಿಲ್ಲ ಎಂದಿತು. ಒಂದೇ ಸ್ಥಾನದಿಂದ ಇಷ್ಟು! ಆದರೆ ಮತಪತ್ರದಲ್ಲಿ ಪಕ್ಷದ ಹೆಸರಿರದು, ನವೆಂಬರ್‌ನಲ್ಲಷ್ಟೇ ಮತ ಹಾಕುವವರಿಗೆ ಏಪ್ರಿಲ್ ತಪ್ಪಿಹೋಗುತ್ತದೆ.

ಜನಮತದಲ್ಲಿ, ಅಂದರೆ ರಾಜ್ಯ ಸಂವಿಧಾನದ ತಿದ್ದುಪಡಿಗೆ ಜನರೇ ಮತ ಹಾಕುವಾಗ, ಮೊದಲು ನೋಡಬೇಕಾದದ್ದು ಗೆಲ್ಲಲು ಬೇಕಾದ ಕನಿಷ್ಠ ಮತ. ಸುಮಾರು ಶೇ 57 ಮತದಿಂದ 2023ರಲ್ಲಿ ಓಹಿಯೊದಲ್ಲಿ ಗೆಲುವಾಯಿತು. 2024ರಲ್ಲಿ ಫ್ಲೋರಿಡಾದಲ್ಲಿ ಸುಮಾರು ಅಷ್ಟೇ ಮತ ಬಂದರೂ ಶೇ 60 ಬೇಕಿದ್ದರಿಂದ ಸೋಲಾಯಿತು. ವಿಸ್ಕಾನ್ಸಿನ್ ನಾಗರಿಕರಿಗೆ ಸಹಿ ಸಂಗ್ರಹಿಸಿ ತಿದ್ದುಪಡಿ ತರುವ ದಾರಿಯೇ ಇಲ್ಲ.

ಆದ್ದರಿಂದ ನ್ಯಾಯಾಧೀಶರನ್ನು ಆರಿಸುವ ರಾಜ್ಯದಲ್ಲಿದ್ದರೆ ಆ ಚುನಾವಣೆಗೇ ಮೊದಲ ಆದ್ಯತೆ ಕೊಡಿ. ತಿದ್ದುಪಡಿ ಗೆದ್ದರೂ ಅದರ ಅರ್ಥ ಹೇಳುವುದು ಅದೇ ನ್ಯಾಯಾಲಯ. ಮತವಿಲ್ಲದವರಲ್ಲಿ, ಫೆಡರಲ್ ಕಾನೂನಿನಂತೆ, ಗ್ರೀನ್ ಕಾರ್ಡ್‌ನವರು ಅಭ್ಯರ್ಥಿಗಳಿಗೆ ದೇಣಿಗೆ ಕೊಡಬಹುದು, ಎಚ್-1ಬಿಯವರು ಕೊಡುವಂತಿಲ್ಲ.