ಕ್ಯಾರವಾನ್ ನೀರಿನ ದುರ್ವಾಸನೆ: ಬ್ಲೀಚ್, ಪೆರಾಕ್ಸೈಡ್, ವಿನೆಗರ್, ಆನೋಡ್ ಬದಲಾವಣೆಗಳ ಹೋಲಿಕೆ

ಅಡುಗೆಕಟ್ಟೆ, ಸ್ನಾನದ ಕೋಣೆ, ಶೌಚಾಲಯಗಳನ್ನು ಹೊತ್ತು ಸಾಗುವ ಕ್ಯಾರವಾನ್ ಅಥವಾ ಮೋಟರ್‌ಹೋಮ್‌ನ ನೀರಿನ ವ್ಯವಸ್ಥೆ ಒಂದು ವಿಷಯದಲ್ಲಿ ಮನೆಯದಕ್ಕಿಂತ ದುರ್ಬಲ. ಪ್ರವಾಸವಿಲ್ಲದ ದಿನಗಳಲ್ಲಿ ಅದರ ತೊಟ್ಟಿ, ಪೈಪು, ಗೀಸರ್‌ಗಳಲ್ಲಿ ನೀರು ವಾರಗಟ್ಟಲೆ ಅಲುಗಾಡದೆ ನಿಂತಿರುತ್ತದೆ. ತುಂಬಿಸಿದ ನೀರಿನಲ್ಲಿದ್ದ ಅಲ್ಪಸ್ವಲ್ಪ ಕ್ಲೋರಿನ್ ಅಷ್ಟರಲ್ಲಿ ಖರ್ಚಾಗಿ, ಉಳಿದ ಬ್ಯಾಕ್ಟೀರಿಯಾಗಳಿಗೆ ಯಾವ ತಡೆಯೂ ಇರುವುದಿಲ್ಲ; ಅವು ಬೆಳೆದು ನೀರು ನಾರತೊಡಗುತ್ತದೆ. ಈ ವಾಸನೆಯನ್ನು ಹೋಗಲಾಡಿಸಲು ಸಾಮಾನ್ಯವಾಗಿ ಸೂಚಿಸಲಾಗುವ ವಿಧಾನಗಳನ್ನು ನಮ್ಮ ವಾಹನದಲ್ಲಿ ಒಂದಾದ ಮೇಲೆ ಒಂದರಂತೆ ಪ್ರಯೋಗಿಸಿ ನೋಡಿದ್ದೇನೆ. ಒಂದಕ್ಕೊಂದು ಪರ್ಯಾಯವೆಂದು ಹೇಳಲಾಗುವ ಇವು ವಾಸ್ತವದಲ್ಲಿ ಬೇರೆ ಬೇರೆ ರೋಗಗಳಿಗೆ ಮದ್ದು ಎಂಬುದು ನನ್ನ ಅನುಭವ.

ಮದ್ದಿಗೆ ಮೊದಲು ವಾಸನೆ ಎಲ್ಲಿಂದ ಹೊರಡುತ್ತಿದೆ ಎಂದು ತಿಳಿಯಬೇಕು. ಅದಕ್ಕೆ ಎರಡು ಗಾಜಿನ ಲೋಟಗಳು ಸಾಕು. ಒಂದರಲ್ಲಿ ತಣ್ಣೀರನ್ನೂ ಇನ್ನೊಂದರಲ್ಲಿ ಬಿಸಿನೀರನ್ನೂ ಹಿಡಿದು, ವಾಹನದಿಂದ ದೂರ ಹೋಗಿ ಮೂಸಿ ನೋಡಬೇಕು. ಬಿಸಿನೀರು ಮಾತ್ರ ನಾರುತ್ತಿದ್ದರೆ ದೋಷವಿರುವುದು ಗೀಸರಿನಲ್ಲಿ. ಎರಡೂ ನಾರುತ್ತಿದ್ದರೆ ತೊಟ್ಟಿಯನ್ನೋ, ಪೈಪುಗಳನ್ನೋ, ನೀರು ತುಂಬಿಸಿದ ಮೂಲವನ್ನೋ ಸಂಶಯಿಸಬೇಕು. ಎರಡೂ ಲೋಟಗಳಲ್ಲಿ ವಾಸನೆಯಿಲ್ಲದೆ ಸಿಂಕಿನ ಬಳಿ ಮಾತ್ರ ನಾತವಿದ್ದರೆ, ಸಿಂಕಿನ ಕೆಳಗಿನ ಬಾಗಿದ ಪೈಪಿನಲ್ಲಿ ನಿಂತಿರಬೇಕಾದ ನೀರು ಒಣಗಿ, ಕೊಳಚೆ ತೊಟ್ಟಿಯ ಗಾಳಿ ಮೇಲೇರುತ್ತಿರುವ ಸಾಧ್ಯತೆಯೇ ಹೆಚ್ಚು. ಅಂಥ ಸಂದರ್ಭದಲ್ಲಿ ಒಂದು ಚೊಂಬು ನೀರು ಸುರಿದರೆ ಬಹುಪಾಲು ಸರಿಹೋಗುತ್ತದೆ. ನಮ್ಮ ವಾಹನದ ತಣ್ಣೀರಿನಲ್ಲಿ ಮುಗ್ಗಲು ವಾಸನೆ ಇತ್ತು, ಬಿಸಿನೀರಿನಲ್ಲಿ ಕೊಳೆತ ಮೊಟ್ಟೆಯ ಸ್ಪಷ್ಟ ನಾತವಿತ್ತು. ಈ ಎರಡನ್ನೂ ಪ್ರತ್ಯೇಕವಾಗಿ ಗಮನಿಸುತ್ತ ಹೋದದ್ದರಿಂದಲೇ ಯಾವ ವಿಧಾನ ಯಾವುದಕ್ಕೆ ತಕ್ಕದ್ದು ಎಂದು ಹೇಳಲು ಸಾಧ್ಯವಾಗಿದೆ.

ಮೊದಲನೆಯದು ಬ್ಲೀಚ್, ಅಂದರೆ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ. ಸುಗಂಧವನ್ನಾಗಲಿ ಮಂದಗೊಳಿಸುವ ಪದಾರ್ಥವನ್ನಾಗಲಿ ಸೇರಿಸದ, ಶೇಕಡಾ 5ರಷ್ಟು ಸಾಂದ್ರತೆಯ ಬ್ಲೀಚನ್ನು ಲೀಟರ್ ನೀರಿಗೆ ಒಂದು ಮಿಲಿಲೀಟರಿನಂತೆ ಬೆರೆಸಿದರೆ ಲೀಟರಿಗೆ ಸುಮಾರು 50 ಮಿಲಿಗ್ರಾಂ ಕ್ಲೋರಿನ್ ದೊರೆಯುತ್ತದೆ. ಇಷ್ಟು ಪ್ರಮಾಣದ ದ್ರಾವಣವನ್ನು 4 ಗಂಟೆ, ಅಥವಾ ಇದರ ಎರಡರಷ್ಟನ್ನು 1 ಗಂಟೆ ವ್ಯವಸ್ಥೆಯಲ್ಲಿ ನಿಲ್ಲಿಸಬೇಕೆಂಬುದು ಬಹುಕಾಲದಿಂದ ಬಳಕೆಯಲ್ಲಿರುವ ನಿಯಮ. ಬ್ಲೀಚನ್ನು ನೇರವಾಗಿ ತೊಟ್ಟಿಗೆ ಸುರಿಯದೆ ಮೊದಲು ಬಕೆಟ್ ನೀರಿನಲ್ಲಿ ಕದಡಿಕೊಳ್ಳಬೇಕು. ಹಳೆಯ ಬಾಟಲಿಯ ಬ್ಲೀಚ್ ಶಕ್ತಿ ಕಳೆದುಕೊಂಡಿರುವುದರಿಂದ ಹೊಸದನ್ನೇ ಬಳಸುವುದು ಒಳ್ಳೆಯದು.

ಈ ವಿಧಾನದ ಯಶಸ್ಸು ನಿಂತಿರುವುದು ದ್ರಾವಣ ಎಲ್ಲೆಲ್ಲಿಗೆ ತಲುಪಿತು ಎಂಬುದರ ಮೇಲೆ. ಪಂಪು ಹಾಕಿ, ಪ್ರತಿಯೊಂದು ನಲ್ಲಿಯ ಬಿಸಿ ಹಾಗೂ ತಣ್ಣನೆಯ ಎರಡೂ ಬದಿಗಳನ್ನು ಕ್ಲೋರಿನ್ ವಾಸನೆ ಮೂಗಿಗೆ ಬರುವವರೆಗೆ ತೆರೆದಿಡಬೇಕು. ಗೀಸರಿನ ಬೈಪಾಸ್ ವಾಲ್ವು ನೀರು ಗೀಸರಿನ ಮೂಲಕವೇ ಹಾದುಹೋಗುವಂತೆ ಇದೆಯೇ ಎಂದು ನೋಡಿಕೊಳ್ಳದಿದ್ದರೆ ಬಿಸಿನೀರಿನ ನಲ್ಲಿಯಲ್ಲಿ ಕ್ಲೋರಿನ್ ಬಂದರೂ ಗೀಸರಿನ ಒಳಗೆ ಹನಿಯೂ ಹೋಗಿರುವುದಿಲ್ಲ. ಹೊರಗಿನ ಶವರ್, ಶೌಚಾಲಯದ ಪೈಪು, ಎಲ್ಲಕ್ಕಿಂತ ತಗ್ಗಿನಲ್ಲಿರುವ ಬರಿದುಮಾಡುವ ಪೈಪುಗಳು ಸುಲಭವಾಗಿ ಮರೆತುಹೋಗುವ ಜಾಗಗಳು. ವಾಸನೆಯ ಮೂಲ ಅಡಗಿ ಉಳಿಯುವುದೂ ಅಲ್ಲಿಯೇ. ಇದ್ದಿಲಿನ ಫಿಲ್ಟರ್ ಇದ್ದರೆ ಅದರ ಕಾರ್ಟ್ರಿಜ್ ತೆಗೆದಿಡಬೇಕು, ಇಲ್ಲವಾದರೆ ಇದ್ದಿಲು ಕ್ಲೋರಿನ್ನನ್ನು ಹೀರಿಕೊಂಡು ತಾನೂ ಹಾಳಾಗುತ್ತದೆ.

ಫಲಿತಾಂಶದ ವಿಷಯಕ್ಕೆ ಬಂದರೆ, ತಣ್ಣೀರಿನ ಮುಗ್ಗಲು ವಾಸನೆಗೆ ಬ್ಲೀಚಿಗೆ ಸರಿಸಮನಾದದ್ದನ್ನು ನಾನು ಕಂಡಿಲ್ಲ. ತೊಟ್ಟಿಯ ಗೋಡೆಗೂ ಪೈಪಿನ ಒಳಮೈಗೂ ಅಂಟಿದ್ದ ಲೋಳೆ ಚೂರುಚೂರಾಗಿ ನಲ್ಲಿಯ ಜಾಲರಿಗೆ ಬಂದು ಸಿಕ್ಕಿಕೊಂಡಿತು. ಜಾಲರಿ ತೆಗೆದು ತೊಳೆದು, ಶುದ್ಧ ನೀರಿನಿಂದ ಮತ್ತೆ ಮತ್ತೆ ತುಂಬಿಸಿ ಬರಿದು ಮಾಡಿದ ಮೇಲೆ ತಣ್ಣೀರು ನಿರ್ಮಲವಾಯಿತು. ಬಿಸಿನೀರಿನ ನಾತವೂ ಅಂದು ಹೋಯಿತು. ಆದರೆ ವಾಹನ ಕೆಲವು ದಿನ ನಿಂತ ಮೇಲೆ ಮೊಟ್ಟೆಯ ವಾಸನೆ ಗೀಸರಿನಿಂದ ಮತ್ತೆ ಬಂದಿತು.

ಎರಡನೆಯದಾದ ಹೈಡ್ರೋಜನ್ ಪೆರಾಕ್ಸೈಡ್ ಗೀಸರಿನ ಮಟ್ಟಿಗೆ ಬ್ಲೀಚಿಗಿಂತ ಹಿತಕರ. ಕೊಳೆತ ಮೊಟ್ಟೆಯ ವಾಸನೆಗೆ ಕಾರಣವಾದ ಹೈಡ್ರೋಜನ್ ಸಲ್ಫೈಡ್ ಅನಿಲದೊಡನೆ ಅದು ವರ್ತಿಸಿದಾಗ ಗಂಧಕ ಮತ್ತು ನೀರು ಉಂಟಾಗುತ್ತವೆ. ಮಿಕ್ಕ ಪೆರಾಕ್ಸೈಡ್ ತಾನಾಗಿಯೇ ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಔಷಧಿ ಅಂಗಡಿಗಳಲ್ಲಿ ದೊರೆಯುವ ಶೇಕಡಾ 3ರ ದ್ರಾವಣವನ್ನು 150 ಲೀಟರಿನ ಮನೆ ಗೀಸರಿಗೆ ಅರ್ಧದಿಂದ ಒಂದು ಲೀಟರಿನವರೆಗೆ ಬಳಸುವ ರೂಢಿಯಿದೆ. ಅದೇ ಲೆಕ್ಕದಲ್ಲಿ ಕ್ಯಾರವಾನಿನ 23 ಲೀಟರ್ ಗೀಸರಿಗೆ 80ರಿಂದ 150 ಮಿಲಿಲೀಟರ್ ಸಾಕು. ಕಾರ್ಟ್ರಿಜ್ ತೆಗೆದ ಫಿಲ್ಟರಿನ ಖಾಲಿ ಡಬ್ಬಿಗೆ ಅದನ್ನು ಸುರಿದು, ತಣ್ಣೀರಿನ ನಲ್ಲಿಗಳನ್ನೆಲ್ಲ ಮುಚ್ಚಿ, ಬಿಸಿನೀರಿನ ನಲ್ಲಿಯೊಂದನ್ನು ತೆರೆದರೆ ನೀರಿನ ರಭಸವೇ ಅದನ್ನು ಗೀಸರಿಗೆ ತಳ್ಳುತ್ತದೆ. ಆಮ್ಲಜನಕ ಬಿಡುಗಡೆಯಾಗುವುದರಿಂದ ಅದು ಒಳಗೆ ನಿಂತಿರುವಷ್ಟು ಹೊತ್ತು ಪಂಪು ನಿಲ್ಲಿಸಿ ಒಂದು ನಲ್ಲಿಯನ್ನು ತುಸು ತೆರೆದಿಡಬೇಕು. ಒಂದೆರಡು ಗಂಟೆಗಳ ಬಳಿಕ ಹರಿಯಬಿಟ್ಟ ನೀರಿನಲ್ಲಿ ಮೊಟ್ಟೆಯ ವಾಸನೆಯೂ ಇರಲಿಲ್ಲ, ಬ್ಲೀಚಿನಂತೆ ಅದರದೇ ವಾಸನೆ ಕಾಡುವ ತೊಂದರೆಯೂ ಇರಲಿಲ್ಲ. ತೊಟ್ಟಿಯ ಲೋಳೆಯ ಮೇಲೆ ಮಾತ್ರ ಇಷ್ಟು ತೆಳುವಾದ ಪೆರಾಕ್ಸೈಡ್ ಬ್ಲೀಚಿನಷ್ಟು ಪ್ರಭಾವ ತೋರಲಿಲ್ಲ. ಗೀಸರಿನ ನಾತ ತಡವಾಗಿಯಾದರೂ ಇಲ್ಲೂ ಮರಳಿತು.

ವಿನೆಗರಿನ ಬಗ್ಗೆ ಹೇಳಬೇಕಾದದ್ದು ಕಡಿಮೆ. ಅದು ಗಡಸು ನೀರಿನಿಂದ ಗೀಸರಿನಲ್ಲಿ ಕಟ್ಟುವ ಸುಣ್ಣದ ಹಕ್ಕಳೆಯನ್ನು ಕರಗಿಸುತ್ತದೆ, ಆ ಹಕ್ಕಳೆಯ ಕೆಳಗೆ ಬ್ಯಾಕ್ಟೀರಿಯಾ ಆಶ್ರಯ ಪಡೆಯುವುದರಿಂದ ಪರೋಕ್ಷವಾಗಿ ಪ್ರಯೋಜನಕಾರಿ. ವಾಸನೆಗೆಂದೇ ಅದನ್ನು ಬಳಸುವುದನ್ನು ನಾನು ಸೂಚಿಸಲಾರೆ. ಬ್ಲೀಚ್ ಇರುವ ವ್ಯವಸ್ಥೆಗೆ ವಿನೆಗರ್ ಬೆರೆಯುವಂತೆ ಎಂದಿಗೂ ಮಾಡಬಾರದು. ಅವೆರಡೂ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಇದ್ದಿಲಿನ ಫಿಲ್ಟರ್ ಕೂಡ ಪರಿಹಾರವಲ್ಲ. ಅದು ಬ್ಯಾಕ್ಟೀರಿಯಾವನ್ನು ತಡೆಯುತ್ತಿದ್ದ ಕ್ಲೋರಿನ್ನನ್ನೇ ತೆಗೆದುಹಾಕುತ್ತದೆ, ಬಹುಕಾಲ ಒದ್ದೆಯಾಗಿ ಬಿಟ್ಟರೆ ತಾನೇ ಮುಗ್ಗಲು ಹಿಡಿಯುತ್ತದೆ.

ನಾತ ಮರಳಿ ಮರಳಿ ಬರುವುದಕ್ಕೆ ಕಾರಣ ಗೀಸರಿನ ಆನೋಡ್ ಸಲಾಕೆ. ಒಳಮೈಗೆ ಗಾಜಿನಂಥ ಲೇಪನವಿರುವ ಉಕ್ಕಿನ ಗೀಸರುಗಳಲ್ಲಿ, ಉಕ್ಕು ತುಕ್ಕು ಹಿಡಿಯದಿರಲೆಂದು ಅದರ ಬದಲಿಗೆ ತಾನು ಸವೆಯುವ ಮೆಗ್ನೀಸಿಯಂ ಸಲಾಕೆಯೊಂದನ್ನು ಅಳವಡಿಸಿರುತ್ತಾರೆ. ಮೆಗ್ನೀಸಿಯಂ ಸವೆಯುವಾಗ ಹೊಮ್ಮುವ ಹೈಡ್ರೋಜನ್ನನ್ನು ಬಳಸಿಕೊಂಡು, ಆಮ್ಲಜನಕವಿಲ್ಲದ ನೀರಿನಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ನೀರಿನಲ್ಲಿರುವ ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಆಗಿ ಮಾರ್ಪಡಿಸುತ್ತವೆ. ಬ್ಲೀಚೂ ಪೆರಾಕ್ಸೈಡೂ ಇದ್ದ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತವೆ. ಮುಂದಿನ ನೀರಿನೊಡನೆ ಹೊಸವು ಬಂದಾಗ ಅವುಗಳ ಆಹಾರ ಅಲ್ಲಿಯೇ ಸಿದ್ಧವಾಗಿರುತ್ತದೆ.

ಸಲಾಕೆಯನ್ನು ಬಿಚ್ಚುವ ಮೊದಲು ಗ್ಯಾಸು ಮತ್ತು ವಿದ್ಯುತ್ತನ್ನು ನಿಲ್ಲಿಸಿ, ನೀರು ಪೂರ್ತಿ ತಣ್ಣಗಾಗುವವರೆಗೆ ಕಾದು, ಸುರಕ್ಷತಾ ವಾಲ್ವಿನಿಂದ ಒತ್ತಡ ಇಳಿಸಬೇಕು. ನಮ್ಮ ಗೀಸರಿನಲ್ಲಿ ಬರಿದುಮಾಡುವ ಬಿರಡೆಗೇ ಸಲಾಕೆಯನ್ನು ಜೋಡಿಸಿತ್ತು. ಬಿಚ್ಚಿದೊಡನೆ ಕಪ್ಪಿಟ್ಟ ನೀರು ಬಿಳಿಯ ಹರಳು ಹರಳಾದ ಗಸಿಯೊಡನೆ ನುಗ್ಗಿ ಬಂತು. ಸಲಾಕೆ ಗೆದ್ದಲು ತಿಂದ ಕೋಲಿನಂತಾಗಿ, ತುದಿಯ ಕಡೆ ನಡುವಿನ ತಂತಿ ಮಾತ್ರ ಉಳಿದಿತ್ತು. ತಳದ ಗಸಿಯನ್ನು ಸಪೂರ ಕೊಳವೆಯಿಂದ ನೀರು ಚಿಮ್ಮಿಸಿ ತೊಳೆದದ್ದರಿಂದಲೇ ಅರ್ಧದಷ್ಟು ಪರಿಣಾಮ ದೊರೆಯಿತು. ಆಮೇಲೆ ಸ್ವಲ್ಪ ಸತು ಸೇರಿದ ಅಲ್ಯೂಮಿನಿಯಮ್ ಸಲಾಕೆ ಹಾಕಿದಾಗ ವಾಸನೆ ಗಣನೀಯವಾಗಿ ಇಳಿಯಿತು, ಆದರೂ ನೀರು ಬಹಳ ಕಾಲ ನಿಂತರೆ ಸಣ್ಣಗೆ ಸುಳಿಯುತ್ತಿತ್ತು. ಕೊನೆಗೆ ಹಾಕಿದ್ದು ವಾಹನದ 12 ವೋಲ್ಟ್ ಬ್ಯಾಟರಿಯಿಂದ ಸಣ್ಣ ವಿದ್ಯುತ್ ಪ್ರವಾಹ ಪಡೆದು ಉಕ್ಕನ್ನು ಕಾಪಾಡುವ, ತಾನು ಸವೆಯದ ಟೈಟೇನಿಯಂ ಸಲಾಕೆ. ಬೆಲೆ ಹೆಚ್ಚು, ಅಳವಡಿಕೆಗೆ ತಂತಿ ಎಳೆಯಬೇಕು, ಬ್ಯಾಟರಿಯಲ್ಲಿ ಜೀವವಿಲ್ಲದಾಗ ರಕ್ಷಣೆಯೂ ಇರುವುದಿಲ್ಲ. ಆದರೂ ಮೊಟ್ಟೆಯ ನಾತ ನಿಂತದ್ದು ಇದರಿಂದಲೇ. ಸಲಾಕೆಯನ್ನು ತೆಗೆದು ಬರಿ ಬಿರಡೆ ಹಾಕಿಬಿಡಿ ಎಂಬ ಸಲಹೆಯೂ ಕೇಳಿಬರುತ್ತದೆ. ಅದರಿಂದ ವಾಸನೆ ಹೋಗಬಹುದು, ಉಕ್ಕಿನ ತೊಟ್ಟಿಯೂ ತುಕ್ಕು ಹಿಡಿದು ಬೇಗನೆ ತೂತಾಗುತ್ತದೆ.

ಹಾಗಾಗಿ ಈಗ ನಮ್ಮಲ್ಲಿ ತೊಟ್ಟಿ ಮತ್ತು ಪೈಪುಗಳಿಗೆ ಬ್ಲೀಚ್, ಗೀಸರಿಗೆ ಟೈಟೇನಿಯಂ ಸಲಾಕೆ, ಅನಿರೀಕ್ಷಿತವಾಗಿ ನಾರುವ ನೀರು ತುಂಬಿಕೊಂಡಾಗ ಪೆರಾಕ್ಸೈಡ್ ಎಂಬ ವ್ಯವಸ್ಥೆಯಿದೆ. ಬಹುಕಾಲ ನಿಲ್ಲಿಸುವಾಗ ಎಲ್ಲವನ್ನೂ ಬರಿದು ಮಾಡುತ್ತೇವೆ. ಬರಿದಾದ ಗೀಸರಿನ ವಿದ್ಯುತ್ ಸ್ವಿಚ್ಚನ್ನು ತಪ್ಪಿಯೂ ಹಾಕಬಾರದು, ನೀರಿಲ್ಲದ ಕಾಯಿಲ್ ಕ್ಷಣಗಳಲ್ಲಿ ಸುಟ್ಟುಹೋಗುತ್ತದೆ. ಎಲ್ಲ ಗೀಸರುಗಳಲ್ಲೂ ಆನೋಡ್ ಇರುವುದಿಲ್ಲ ಎಂಬುದನ್ನೂ ಹೊಸ ಸಲಾಕೆ ಕೊಳ್ಳುವ ಮೊದಲು ಗಮನಿಸಬೇಕು. ಬರಿದುಮಾಡುವ ಬಿರಡೆ ಪ್ಲಾಸ್ಟಿಕ್ಕಿನದಾಗಿದ್ದು ಅದರ ಹಿಂದೆ ಸಲಾಕೆ ಇಲ್ಲದಿದ್ದರೆ ತೊಟ್ಟಿ ಬಹುಮಟ್ಟಿಗೆ ಅಲ್ಯೂಮಿನಿಯಮ್ಮಿನದು; ಅದಕ್ಕೆ ಸಲಾಕೆ ಬೇಕಿಲ್ಲ, ಗಸಿ ತೊಳೆದು ಬ್ಲೀಚನ್ನೋ ಪೆರಾಕ್ಸೈಡನ್ನೋ ಹೇಳಿದ ಪ್ರಮಾಣ ಮೀರದಂತೆ ಬಳಸಿದರೆ ಸಾಕು.